ಸಿಡಿಲು ಬಂದದ್ದು ಲ್ಯಾನ್ ಕೇಬಲಿನಲ್ಲಿ

ಬದಿಯಡ್ಕದಿಂದ ಸ್ವಲ್ಪ ಒಳಗೆ, ಅಡಿಕೆ ತೋಟದ ನಡುವೆ ನಮ್ಮ ಮನೆ. ಬೆಂಗಳೂರಿನ ಕೆಲಸವನ್ನು ಇಲ್ಲೇ ಕೂತು ಮಾಡುತ್ತೇನೆ. ಚಾವಡಿಯ ಮೂಲೆಯಲ್ಲಿ ನನ್ನ ಹೋಮ್ ಲ್ಯಾಬ್ ಇದೆ, ಅಂದರೆ ಮನೆಯಲ್ಲೇ ಇಟ್ಟುಕೊಂಡ ಸರ್ವರ್. ಹೆಸರು ದೊಡ್ಡದು ಅಷ್ಟೆ. ಇರುವುದು ಒಂದು ಸೆಕೆಂಡ್ ಹ್ಯಾಂಡ್ ಡೆಸ್ಕ್‌ಟಾಪ್, ಲ್ಯಾನ್ ಕೇಬಲ್‌ಗಳನ್ನು ಒಟ್ಟಿಗೆ ಜೋಡಿಸುವ ಎಂಟು ಪೋರ್ಟಿನ ನೆಟ್‌ವರ್ಕ್ ಸ್ವಿಚ್, ಒಂದು ಯುಪಿಎಸ್. ಎಲ್ಲ ಸೇರಿ 40 ವ್ಯಾಟ್, ಅಂದರೆ ತಿಂಗಳಿಗೆ 29 ಯೂನಿಟ್ ಕರೆಂಟು. ಅಮ್ಮನ ಲೆಕ್ಕದಲ್ಲಿ ಅದು 'ಡಬ್ಬಿ'.

ಡಬ್ಬಿಯೊಳಗೆ ಪ್ರಾಕ್ಸ್‌ಮಾಕ್ಸ್ ಹಾಕಿದ್ದೇನೆ, ಒಂದೇ ಯಂತ್ರದಲ್ಲಿ ಹಲವು ಸರ್ವರ್ ಓಡಿಸುವ ಸಾಫ್ಟ್‌ವೇರ್ ಅದು. ಮನೆಯವರ ಫೋಟೋಗಳಿಗೆ ಇಮ್ಮಿಚ್, ಜಾಹೀರಾತು ತಡೆಯಲು ಪೈ-ಹೋಲ್, ಜೊತೆಗೆ ನನ್ನ ಒಂದಷ್ಟು ಪ್ರಯೋಗಗಳು.

ಸಾಫ್ಟ್‌ವೇರ್ ನನಗೆ ಅಷ್ಟೇನೂ ಕಾಟ ಕೊಟ್ಟಿಲ್ಲ. ಕಾಟ ಕೊಟ್ಟದ್ದು ಸಿಡಿಲು. ನಮ್ಮಲ್ಲಿ ಏಪ್ರಿಲ್-ಮೇ ಒಂದು ಸುತ್ತು, ಅಕ್ಟೋಬರ್-ನವೆಂಬರ್ ಇನ್ನೊಂದು ಸುತ್ತು. ಮಧ್ಯಾಹ್ನ ಮೋಡ ಕಟ್ಟಿದರೆ ಸಂಜೆಗೆ ಗ್ಯಾರಂಟಿ.

ಒಂದು ಅಕ್ಟೋಬರ್ ಸಂಜೆ ಅಮ್ಮ ಕೂಗಿದರು, "ಗುಡುಗು ಉಂಟು, ನಿನ್ನ ಡಬ್ಬಿಯ ಪ್ಲಗ್ ತೆಗಿ ಮಾರಾಯ." ತೆಗೆದೆ. ಫೈಬರ್ ಮೋಡೆಮ್ಮಿನದ್ದೂ ತೆಗೆದೆ. ಆಮೇಲೆ ತೋಟದ ಆಚೆ ತೆಂಗಿನ ಮರಕ್ಕೆ ಸಿಡಿಲು ಬಡಿಯಿತು. ಬೆಳಿಗ್ಗೆ ನೋಡಿದರೆ ಸ್ವಿಚ್ ಸತ್ತಿತ್ತು, ಮದರ್‌ಬೋರ್ಡ್ ಸತ್ತಿತ್ತು, ಅದರಲ್ಲಿದ್ದ ಎಸ್‌ಎಸ್‌ಡಿಯೂ (ಚಿಪ್ಪಿನಲ್ಲಿ ಡೇಟಾ ಇಡುವ ಡ್ರೈವ್) ಹೋಗಿತ್ತು.

ಪ್ಲಗ್ ತೆಗೆದ ಮೇಲೂ ಹೇಗೆ? ಅಡಿಕೆ ಒಣಗಿಸುವ ಅಂಗಳದ ಕ್ಯಾಮೆರಾಕ್ಕೆ 40 ಮೀಟರ್ ಲ್ಯಾನ್ ಕೇಬಲ್ ಎಳೆದಿದ್ದೆ. ತಾಮ್ರದ ತಂತಿ. ಹತ್ತಿರದಲ್ಲಿ ಸಿಡಿಲು ಬಿದ್ದರೆ ಅಷ್ಟುದ್ದದ ತಂತಿಯಲ್ಲಿ ತಾನಾಗಿಯೇ ವೋಲ್ಟೇಜ್ ಏಳುತ್ತದೆ. ಆ ತಂತಿಯ ತುದಿ ಸ್ವಿಚ್ಚಿನಲ್ಲೇ ಇತ್ತು. ಮುಂಬಾಗಿಲು ಹಾಕಿ ಹಿಂಬಾಗಿಲು ತೆರೆದಿಟ್ಟ ಹಾಗೆ.

ಈಗ ಅಂಗಳಕ್ಕೆ ಹೋಗುವುದು ಫೈಬರ್. ಗಾಜಿನ ಎಳೆ, ಅದರಲ್ಲಿ ಬೆಳಕು ಹೋಗುತ್ತದೆ, ಕರೆಂಟು ಹರಿಯುವುದಿಲ್ಲ. ಎರಡು ತುದಿಗೆ ಆ ಬೆಳಕನ್ನು ಲ್ಯಾನ್ ಕೇಬಲಿಗೆ ಬದಲಿಸುವ ಮೀಡಿಯಾ ಕನ್ವರ್ಟರ್. ಇಲ್ಲೂ ಒಂದು ಸೂಕ್ಷ್ಮ ಇದೆ. ಮನೆಗಳಿಗೆ ಎಳೆಯುವ ಫೈಬರ್ ಕೇಬಲಿನಲ್ಲಿ ಗಟ್ಟಿಗೆಂದು ಹೆಚ್ಚಾಗಿ ಉಕ್ಕಿನ ತಂತಿ ಇರುತ್ತದೆ. ಅದನ್ನೇ ತಂದರೆ ಏನು ಸಾಧಿಸಿದ ಹಾಗಾಯ್ತು? ಲೋಹ ಇಲ್ಲದ್ದನ್ನು ಹುಡುಕಿ ತಂದೆ.

ಫೋಟೋಗಳು ಎರಡು ಹಾರ್ಡ್ ಡಿಸ್ಕ್‌ಗಳಲ್ಲಿ ಝಡ್‌ಎಫ್‌ಎಸ್ ಮಿರರ್ ಆಗಿದ್ದವು, ಅಂದರೆ ಎರಡರಲ್ಲೂ ಒಂದೇ ಪ್ರತಿ. ಅದೃಷ್ಟಕ್ಕೆ ಎರಡೂ ಬದುಕಿದ್ದವು. ಬೇರೆ ಯಂತ್ರಕ್ಕೆ ಸಿಕ್ಕಿಸಿ ಇಂಪೋರ್ಟ್ ಮಾಡಿದೆ, ಬಂತು. ಪುತ್ತೂರಿನ ಅಕ್ಕನ ಮನೆಯಲ್ಲೂ ಒಂದು ಪ್ರತಿ ಇತ್ತು. ಆದರೆ ಇಮ್ಮಿಚ್‌ನ ಡೇಟಾಬೇಸ್ ಇದ್ದದ್ದು ಎಸ್‌ಎಸ್‌ಡಿಯಲ್ಲಿ! ಆಲ್ಬಮ್, ಮುಖಗಳಿಗೆ ಕೊಟ್ಟ ಹೆಸರು ಎಲ್ಲ ಅದರಲ್ಲೇ. ಫೈಲುಗಳ ಬ್ಯಾಕಪ್ ಇಟ್ಟು ಬೀಗುತ್ತಿದ್ದೆ, ಇದು ಹೊಳೆದೇ ಇರಲಿಲ್ಲ. ಅತ್ತೆ ಮಾವಂದಿರ ಮುಖಕ್ಕೆಲ್ಲ ಮತ್ತೆ ಹೆಸರು ಬರೆಯಲು ಎರಡು ವಾರ ಹಿಡಿಯಿತು. ಈಗ ದಿನಾ ರಾತ್ರಿ ಆ ಡೇಟಾಬೇಸಿನ (ಪೋಸ್ಟ್‌ಗ್ರೆಸ್) ಡಂಪ್, ಅಂದರೆ ಪೂರ್ತಿ ಪ್ರತಿ ತೆಗೆದು, ಫೋಟೋಗಳ ಜೊತೆಗೇ ರೆಸ್ಟಿಕ್ ಎಂಬ ಬ್ಯಾಕಪ್ ಸಾಫ್ಟ್‌ವೇರ್ ಮೂಲಕ ಪುತ್ತೂರಿಗೆ ಕಳಿಸುತ್ತೇನೆ. ತಿಂಗಳಿಗೊಮ್ಮೆ ಅದರಿಂದ ಒಂದು ಆಲ್ಬಮ್ ವಾಪಸ್ ತೆಗೆದು ನೋಡುತ್ತೇನೆ.

ಮಳೆಗಾಲದ ತೇವಕ್ಕೆ ಮಾತ್ರ ಸುಲಭದ ಮದ್ದು: ಯಂತ್ರ ಆಫ್ ಮಾಡದಿರುವುದು. ಬೆಚ್ಚಗಿದ್ದರೆ ಪಸೆ ಹಿಡಿಯುವುದಿಲ್ಲ.

ಯುಪಿಎಸ್‌ಗೆ ಯುಎಸ್‌ಬಿ ಕೇಬಲ್ ಹಾಕಿ, ಅದರ ಮೇಲೆ ಕಣ್ಣಿಡುವ ಎನ್‌ಯುಟಿ ಎಂಬ ಸಾಫ್ಟ್‌ವೇರ್ ಕೂರಿಸಿದ್ದೇನೆ. ಗೋಡೆಯ ಪ್ಲಗ್ ಎಳೆದು ಐದು ನಿಮಿಷಕ್ಕೆ ಸರ್ವರ್ ತಾನೇ ಸರಿಯಾಗಿ ಶಟ್‌ಡೌನ್ ಆಗುತ್ತದೆ. ಹಾಗಾಗಿ ಮೋಡ ಕಪ್ಪಾದರೆ ಅಮ್ಮ ಈಗ ನನ್ನನ್ನು ಕೂಗುವುದೇ ಇಲ್ಲ, ಬಂದು ಸೀದಾ ಎಳೆಯುತ್ತಾರೆ.