ಹೊಂಡದ ಮೀನಿನ ಕರುಳಲ್ಲಿ ಹುಳುವಿದೆಯೇ? ಪರೀಕ್ಷಿಸುವ ಬಗೆ

ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ಕೃಷಿ ಹೊಂಡಗಳಲ್ಲಿ ಗೆಂಡೆ ಮೀನು ಸಾಕುವವರು, ಮೇವು ಹಾಕಿದರೂ ಮರಿಗಳು ತೂಕಕ್ಕೆ ಬರುತ್ತಿಲ್ಲ, ತಲೆ ದಪ್ಪಗೆ ಕಾಣುತ್ತಿದೆ, ಮೈ ಸೊರಗುತ್ತಿದೆ ಎಂದು ದೂರುವುದುಂಟು. ಇದಕ್ಕೆ ಮೇವಿನ ಕೊರತೆಯೂ ಕಾರಣವಿರಬಹುದು, ಕರುಳಿನ ಲಾಡಿಹುಳುವೂ ಇರಬಹುದು. ಹುಳು ಕರುಳಿನ ದಾರಿಯನ್ನು ಕಟ್ಟುತ್ತದೆ, ಕಚ್ಚಿಕೊಂಡ ಜಾಗವನ್ನು ಊದಿಸುತ್ತದೆ. ಚಿಕ್ಕ ಮರಿಗಳು ಇದರಿಂದ ಸಾಯುವುದೂ ಉಂಟು. ಮೀನನ್ನು ಹೊರಗಿನಿಂದ ನೋಡಿ ನಿರ್ಧರಿಸಲಾಗದು, ಕರುಳನ್ನು ತೆರೆಯಲೇಬೇಕು.

ಸೊರಗಿದರೂ ಜೀವಂತವಿರುವ ಐದಾರು ಮರಿಗಳನ್ನು ಹಿಡಿಯಿರಿ. ದಡಕ್ಕೆ ತೇಲಿಬಂದ ಸತ್ತ ಮೀನು ಈ ಕೆಲಸಕ್ಕೆ ಬಾರದು. ನಮ್ಮ ಬಿಸಿಲಿಗೆ ಕರುಳು ಬೇಗನೆ ಕೊಳೆತು, ಹುಳುಗಳು ಜಾಗ ಬಿಟ್ಟು ಸರಿದಿರುತ್ತವೆ. ಒಂದು ಲೀಟರ್ ನೀರಿಗೆ ಸುಮಾರು 8 ಗ್ರಾಂ ಉಪ್ಪು ಬೆರೆಸಿ ಇಟ್ಟುಕೊಳ್ಳಿ.

ಹೆಚ್ಚಿನವರು ಎಡವುವುದು ಕೊಯ್ಯುವಾಗ. ಸಾರಿಗೆ ಹಚ್ಚುವಂತೆ ಈಳಿಗೆಯಲ್ಲಿ ಅಡ್ಡ ಕೊಯ್ದರೆ ಹುಳು ತುಂಡಾಗಿ ಲೋಳೆಯೊಳಗೆ ಕಳೆದುಹೋಗುತ್ತದೆ. ತಲೆಗೆ ಬಲವಾಗಿ ಒಮ್ಮೆ ಹೊಡೆದು ಮೀನನ್ನು ಕೊಂದ ಮೇಲೆ, ಮೊಂಡು ತುದಿಯ ಸಣ್ಣ ಕತ್ತರಿಯನ್ನು ಗುದದಿಂದ ಕಿವಿರಿನ ಕಡೆಗೆ, ಹೊಟ್ಟೆಯ ಚರ್ಮವನ್ನು ಮೇಲೆತ್ತುತ್ತ ಓಡಿಸಿ. ಗೆಂಡೆಗೆ ಜಠರವಿಲ್ಲ, ಉದ್ದನೆಯ ಸುರುಳಿ ಕರುಳಷ್ಟೇ ಇರುತ್ತದೆ. ಅದನ್ನು ಕೊಬ್ಬಿನಿಂದ ಬಿಡಿಸಿ ನೇರ ಮಾಡಿ, ಮುಂದಿನ, ನಡುವಿನ, ಹಿಂದಿನ ಭಾಗಗಳನ್ನು ಬೇರೆ ಬೇರೆ ತಟ್ಟೆಗಳಲ್ಲಿ ಉಪ್ಪುನೀರಿನೊಳಗೆ ಉದ್ದಕ್ಕೂ ಸೀಳಿ. ಲೋಳೆಯನ್ನು ಮೆಲ್ಲಗೆ ಅಲುಗಾಡಿಸಿ ತೊಳೆದು, ಅಡಿಯಲ್ಲಿ ಕೂತದ್ದನ್ನು ಕಪ್ಪು ಹಾಳೆಯ ಮೇಲಿಟ್ಟು ನೋಡಿ. ಬಿಳಿಯ, ಚಪ್ಪಟೆ, ರಿಬ್ಬನ್ನಿನಂಥದ್ದು ಲಾಡಿಹುಳು. ಗೆಂಡೆಯಲ್ಲಿ ಅದು ಸಾಮಾನ್ಯವಾಗಿ ಕರುಳಿನ ಮುಂಭಾಗದಲ್ಲೇ ಸಿಗುತ್ತದೆ. ಗೋಡೆಗೆ ಗಟ್ಟಿಯಾಗಿ ಅಂಟಿದ್ದು ಮುಳ್ಳುತಲೆಯ ಹುಳುವಿರಬಹುದು, ಅದನ್ನು ಎಳೆದರೆ ಮುಳ್ಳಿನ ಸೊಂಡಿಲು ಮುರಿದು ಗೋಡೆಯಲ್ಲೇ ಉಳಿಯುತ್ತದೆ. ಕೆಂಪಗೆ ಕಂಡದ್ದೆಲ್ಲ ಜಂತುಹುಳುವಲ್ಲ. ಮೀನು ತಿಂದ ಕೆಂಪು ಕೆಸರುಹುಳುವಿಗೆ ಗಟ್ಟಿ ತಲೆಯೂ ಸ್ಪಷ್ಟ ಗೆಣ್ಣುಗಳೂ ಇರುತ್ತವೆ.

ಹುಳು ಕಂಡ ಮೀನೆಷ್ಟು, ಪ್ರತಿ ಮೀನಿನಲ್ಲಿ ಹುಳುಗಳೆಷ್ಟು ಎಂದು ಬರೆದಿಡಿ.

ಔಷಧಕ್ಕೆ ಅವಸರ ಬೇಡ. ಹುಳು ಕರುಳಿನೊಳಗಿರುವುದರಿಂದ ಔಷಧವನ್ನು ಸಾಮಾನ್ಯವಾಗಿ ಮೇವಿನಲ್ಲಿ ಬೆರೆಸಿ ಕೊಡುತ್ತಾರೆ. ಪ್ರಾಜಿಕ್ವಾಂಟೆಲ್‌ನಂಥ ಔಷಧದ ಪ್ರಮಾಣವನ್ನು ಮೀನುಗಾರಿಕೆ ಇಲಾಖೆಯ ಅಧಿಕಾರಿ ಇಲ್ಲವೆ ಪಶುವೈದ್ಯರಿಂದ ತಿಳಿದೇ ಬಳಸಬೇಕು. ಒಳಗೇನಿದೆ ಎಂದು ಬರೆಯದ ಬಾಟಲಿಗಳನ್ನು ಕೊಳ್ಳಬೇಡಿ. ದನದ ಜಂತಿನ ಔಷಧವನ್ನು ಹೊಂಡಕ್ಕೆ ಸುರಿಯುವುದಂತೂ ಖಂಡಿತ ಬೇಡ, ಅಂಥ ಕೆಲವು ಔಷಧಗಳಲ್ಲಿರುವ ಐವರ್‌ಮೆಕ್ಟಿನ್ ಮೀನಿಗೆ ವಿಷ.

ಲಾಡಿಹುಳುವಿನ ಮರಿ ಮೊದಲು ಸೈಕ್ಲಾಪ್ಸ್ ಎಂಬ ಸಣ್ಣ ನೀರುಜೀವಿಯೊಳಗೆ ಬೆಳೆಯುತ್ತದೆ, ಅದನ್ನು ತಿಂದ ಮೀನಿಗೆ ಸೇರುತ್ತದೆ. ಆದ್ದರಿಂದ ಫಸಲು ಹಿಡಿದ ಮೇಲೆ ಹೊಂಡವನ್ನು ಪೂರ್ತಿ ಖಾಲಿ ಮಾಡಿ, ತಳ ಬಿರಿಯುವ ತನಕ ಒಣಗಿಸಿ. ಪ್ಲಾಸ್ಟಿಕ್ ಹಾಸಿದ ಹೊಂಡದಲ್ಲಾದರೆ ತಳದ ಕೆಸರನ್ನೆಲ್ಲ ಬಳಿದು ತೆಗೆಯಿರಿ. ಹೊಸ ಮರಿಗಳನ್ನು ಬಿಡುವ ಮೊದಲು ಅವುಗಳಲ್ಲೂ ಐದಾರನ್ನು ಕೊಯ್ದು ನೋಡಿಯೇ ಬಿಡಿ.