39.6 ಡಿಗ್ರಿಯ ದ್ರಾವಕ, 43 ಡಿಗ್ರಿಯ ಕಲಬುರಗಿ

ಡೈಕ್ಲೋರೋಮೀಥೇನ್, ಲ್ಯಾಬಿನವರ ಬಾಯಲ್ಲಿ ಡಿಸಿಎಂ, ಕುದಿಯುವುದು 39.6 ಡಿಗ್ರಿ ಸೆಲ್ಸಿಯಸ್‌ಗೆ. ಕಲಬುರಗಿಯಲ್ಲಿ ಮೇ ತಿಂಗಳ ಮಧ್ಯಾಹ್ನ 42, 43 ಡಿಗ್ರಿ ಅಂದರೆ ಯಾರೂ ಹುಬ್ಬೇರಿಸುವುದಿಲ್ಲ. ಅಂದರೆ ನಮ್ಮ ಬ್ಯಾಸಗಿಯಲ್ಲಿ ಈ ದ್ರಾವಕ ಬಾಟಲಿಯೊಳಗೆ ದ್ರವವಾಗಿ ಕೂತಿರುವುದೇ ಮುಚ್ಚಳದ ದಯೆಯಿಂದ. ಸುರಕ್ಷತೆಯ ಹಾಳೆಗಳೆಲ್ಲ 20-25 ಡಿಗ್ರಿಯ ಕೋಣೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದವು. ಪದವಿ ಕಾಲೇಜಿನ ರಸಾಯನಶಾಸ್ತ್ರ ಲ್ಯಾಬ್ ನೋಡಿಕೊಳ್ಳುವ ನಾನು ಅವನ್ನು ಈ ಊರಿನ ಬಿಸಿಲಿಗೆ ಹೊಂದಿಸಿಕೊಂಡ ಬಗೆ ಇದು.

ಮೊದಲನೆಯದು ಖರೀದಿ. ಆರ್ಡರ್ ಹಾಕುವುದು ಡಿಸೆಂಬರ್-ಜನವರಿಯಲ್ಲಿ. ತಗಡಿನ ಗೋಡೌನಿನಲ್ಲಿ ಪಾರ್ಸೆಲ್ ಬಿಸಿಲಿಗೆ ಕಾಯುತ್ತ ಬೀಳುವ ಕಾಲ ಅದಲ್ಲ. 2.5 ಲೀಟರಿನದು ಅಗ್ಗ ಬಿದ್ದರೂ 500 ಮಿಲಿಯ ಕಂದು ಗಾಜಿನ ಬಾಟಲಿಯನ್ನೇ ತರಿಸುತ್ತೇನೆ. ಡಿಸಿಎಂ ನೀರಿಗಿಂತ ಸುಮಾರು 1.33 ಪಟ್ಟು ಭಾರ, ದೊಡ್ಡ ಬಾಟಲಿಯ ದ್ರವವೇ ಮೂರು ಕಿಲೋ ಮೀರುತ್ತದೆ. ಬೆವರಿದ ಕೈಗೆ ಅದು ಬೇಡ. ಲೇಬಲ್ಲಿನಲ್ಲಿ ನಾನು ಮೊದಲು ಹುಡುಕುವುದು ಕೆಡದಂತೆ ಬೆರೆಸಿದ ಸ್ಥಿರಕಾರಿ ಯಾವುದೆಂದು. ಸೂಕ್ಷ್ಮ ವಿಶ್ಲೇಷಣೆಗೆಂದು ಮಾರುವ ಎಚ್‌ಪಿಎಲ್‌ಸಿ ದರ್ಜೆಯಲ್ಲೂ ಅಮೈಲೀನ್ ಇಲ್ಲವೇ ಎಥನಾಲ್ ಚೂರು ಬೆರೆಸಿರುತ್ತಾರೆ. ಎಥನಾಲ್ ಇದ್ದರೆ ಮಿಶ್ರಣ ಬೇರ್ಪಡಿಸುವ ಕಾಲಮ್ಮಿನ ಫಲಿತಾಂಶವೇ ಬದಲಾಗಬಹುದು. ಏನೂ ಇಲ್ಲದ್ದು ಬೆಳಕು, ಬಿಸಿಗೆ ಸಿಕ್ಕಿ ಹೈಡ್ರೋಜನ್ ಕ್ಲೋರೈಡ್ ಬಿಡುತ್ತ ಕೆಡುತ್ತದೆ. ಹಳೆಯ ಬಾಟಲಿಯಾದರೆ ಸ್ವಲ್ಪ ದ್ರಾವಕವನ್ನು ನೀರಿನೊಂದಿಗೆ ಕುಲುಕಿ, ಆ ನೀರಿಗೆ ನೀಲಿ ಲಿಟ್ಮಸ್ ಅದ್ದಿ ನೋಡುತ್ತೇನೆ. ಕೆಂಪಾದರೆ ಅದು ತ್ಯಾಜ್ಯಕ್ಕೆ.

ಬಾಟಲಿ ಇರುವುದು ಉತ್ತರದ ಕೋಣೆಯಲ್ಲಿ, ಕೆಳಗಿನ ಹಲಗೆಯ ಮೇಲೆ, ಸ್ಟೀಲ್ ಪರಾತದೊಳಗೆ. ರೊಟ್ಟಿ ಹಿಟ್ಟು ನಾದುವ ಥರದ್ದೇ ಪರಾತ. ಅಲ್ಯೂಮಿನಿಯಂದು ಅಗ್ಗ ಅಂತ ಅಂಗಡಿಯವರು ಮುಂದೆ ಮಾಡುತ್ತಾರೆ; ಕ್ಲೋರಿನ್ ಇರುವ ದ್ರಾವಕಕ್ಕೂ ಅಲ್ಯೂಮಿನಿಯಂಗೂ ಆಗಿಬರುವುದಿಲ್ಲ.

ನಮ್ಮಲ್ಲಿ ಇದರ ಮುಖ್ಯ ಕೆಲಸ ಚಹಾದಿಂದ ಕೆಫೀನ್ ತೆಗೆಯುವ ಪ್ರಯೋಗ. ಬ್ಯಾಸಗಿಯಲ್ಲಿ ಬೆಳಿಗ್ಗೆ ಏಳಕ್ಕೇ ಬ್ಯಾಚ್ ಕರೆಯುತ್ತೇನೆ. ಕಬ್ಬಿನ ಹಾಲಿನ ಗಾಡಿಗೆ ಐಸ್ ಕೊಡುವವನಿಂದಲೇ ಒಂದು ತುಂಡು ಬರುತ್ತದೆ. ಬಾಟಲಿಯನ್ನು ಮುಚ್ಚಳ ಬಿಚ್ಚದೆ ಅರ್ಧ ತಾಸು ಐಸ್ ನೀರಿನಲ್ಲಿ ನಿಲ್ಲಿಸಿ, ಹೊರಮೈ ಒರೆಸಿ, ಆವಿಯನ್ನು ಕಟ್ಟಡದ ಹೊರಗೆ ಹೀರಿ ಬಿಡುವ ಫ್ಯೂಮ್ ಹುಡ್ಡಿನೊಳಗೆ ಮುಚ್ಚಳವನ್ನು ಸಾವಕಾಶ ತಿರುಗಿಸುವುದು. ಚಹಾದ ಕಷಾಯವೂ ಐಸಿನಲ್ಲಿ ತಣ್ಣಗಾದ ಮೇಲೆಯೇ ಪದರ ಬೇರೆ ಮಾಡುವ ಸೆಪರೇಟಿಂಗ್ ಫನಲ್ಲಿಗೆ. ಫನಲ್ಲನ್ನು ಬುಡಮೇಲು ಮಾಡಿ, ಬಾಯಿಬಿರಡೆಯನ್ನು ಅಂಗೈಯಿಂದ ಒತ್ತಿ ಹಿಡಿದು, ಕಾಂಡ ಹುಡ್ಡಿನ ಹಿಂಗೋಡೆಯತ್ತ ಇರುವಂತೆ ನೋಡಿಕೊಂಡು, ಒಮ್ಮೆ ಹೊರಳಿಸಿದರೆ ಒಮ್ಮೆ ಕಾಂಡದ ಕಾಕ್ (ನಲ್ಲಿ) ತೆರೆದು ಒತ್ತಡ ಬಿಡಬೇಕು. "ಸರ, ಸುಸ್ ಅನ್ಲಕತ್ತದ್ರೀ" ಅಂತ ಹುಡುಗಿಯೊಬ್ಬಳು ಬೆಚ್ಚಿದಳು. "ಅನ್ಲಿ ಬಿಡವ್ವಾ, ಅದು ಸುಮ್ಮಾದ ಮ್ಯಾಲೆ ಮತ್ತ ಹೊರಳಿಸು" ಅಂದೆ. ಜೋರಾಗಿ ಕುಲುಕಿದರೆ ಒತ್ತಡದ ಜೊತೆ ನೊರೆಯೂ ಗಂಟುಬೀಳುತ್ತದೆ, ಪದರ ಬೇರೆಯಾಗಲು ಮಧ್ಯಾಹ್ನವಾಗುತ್ತದೆ.

ಆಮೇಲೆ ದ್ರಾವಕವನ್ನು ಆವಿಯಾಗಿಸಿ ಹಿಡಿಯಬೇಕು. ಮೇಲಿನ ಟಾಕಿಯ ನೀರು ಕೈ ಸುಡುವಾಗ ಅದನ್ನು ಆವಿ ತಣಿಸುವ ಕಂಡೆನ್ಸರಿಗೆ ಬಿಟ್ಟರೆ ಡಿಸಿಎಂ ಹಿಡಿತಕ್ಕೆ ಸಿಗದೆ ಹಾರಿಹೋಗುತ್ತದೆ. ಅದಕ್ಕೆ ಬಕೆಟ್ಟಿನಲ್ಲಿ ಐಸ್ ನೀರು, ಅದರೊಳಗೆ ಕೂಲರಿಗೆ ಹಾಕುವ ಸಣ್ಣ ಪಂಪು. ಹುಡ್ಡಿನ ಹತ್ತಿರ ಕೂಲರನ್ನು ಮಾತ್ರ ಓಡಿಸಲು ಬಿಡುವುದಿಲ್ಲ; ಅದರ ಗಾಳಿ ಒಳಗಿನ ಆವಿಯನ್ನು ಹೊರಗೆಳೆಯುತ್ತದೆ. ಕರೆಂಟ್ ಹೋಯಿತೋ, ಬಾಟಲಿಗಳ ಬಾಯಿ ಮುಚ್ಚಿ, ಹುಡ್ಡಿನ ಗಾಜು ಇಳಿಸಿ, ಎಲ್ಲರೂ ವರಾಂಡಕ್ಕೆ. ಜನರೇಟರ್ ಬರುವ ತನಕ ಯಾರೂ ಒಳಗಿಲ್ಲ.

ಇಷ್ಟು ಕಟ್ಟುನಿಟ್ಟು ಯಾಕೆಂದರೆ ಮೂಗನ್ನು ನಂಬುವಂತಿಲ್ಲ. ಇದರ ಸಿಹಿ ವಾಸನೆ ಬಡಿಯುವಷ್ಟರಲ್ಲಿ ಗಾಳಿಯಲ್ಲಿ ಅದು ಅಮೆರಿಕದ ಕೆಲಸದ ಸುರಕ್ಷತೆಯ ಸಂಸ್ಥೆ ಓಶಾ ಎಂಟು ತಾಸಿನ ಕೆಲಸಕ್ಕೆ ಹಾಕಿದ 25 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 25) ಮಿತಿಯನ್ನು ದಾಟಿ ಎಷ್ಟೋ ಮುಂದೆ ಹೋಗಿರುತ್ತದೆ. ಆವಿ ಗಾಳಿಗಿಂತ ಸುಮಾರು ಮೂರು ಪಟ್ಟು ಭಾರ, ನೆಲಕ್ಕೆ ಇಳಿದು ನಿಲ್ಲುತ್ತದೆ. ದೇಹದೊಳಗೆ ಹೋದದ್ದರಲ್ಲಿ ಒಂದು ಪಾಲು ಕಾರ್ಬನ್ ಮಾನಾಕ್ಸೈಡ್ ಆಗುತ್ತದೆ. ಅದಕ್ಕೇ ಹೃದಯದ ತೊಂದರೆ ಇರುವವರನ್ನು ಈ ಪ್ರಯೋಗಕ್ಕೆ ನಾನು ಸೇರಿಸುವುದಿಲ್ಲ. ಬಟ್ಟೆಯ ಮಾಸ್ಕ್, ಎನ್95 ಯಾವುದೂ ಇದರ ಆವಿಯನ್ನು ತಡೆಯದು. ನೀಲಿ ನೈಟ್ರೈಲ್ ಗ್ಲೌಸನ್ನೂ ಕೆಲವೇ ನಿಮಿಷದಲ್ಲಿ ದಾಟಿ ಒಳಗೆ ಬರುತ್ತದೆ, ಬೆರಳು ಉರಿಯುತ್ತದೆ. ಹನಿ ಬಿದ್ದರೆ ಕೂಡಲೇ ಬಿಚ್ಚಿ, ಕೈ ತೊಳೆದು, ಹೊಸದು. ಹೆಚ್ಚು ಹೊತ್ತಿನ ಕೆಲಸಕ್ಕೆ ಒಳಗೆ ಪದರ ಪದರದ ಲ್ಯಾಮಿನೇಟ್ ಗ್ಲೌಸ್, ಮೇಲೆ ನೈಟ್ರೈಲ್.

ತ್ಯಾಜ್ಯ ಸಿಂಕಿಗೆ ಹೋಗುವುದಿಲ್ಲ. ಡಿಸಿಎಂನಂತೆ ಹ್ಯಾಲೋಜನ್ (ಕ್ಲೋರಿನ್ ಥರದ್ದು) ಇರುವುದಕ್ಕೆ ಬೇರೆಯೇ ಗಾಜಿನ ಬಾಟಲಿ, ಮುಕ್ಕಾಲು ತುಂಬಿದರೆ ಸೀಲು. ಅಸಿಟೋನಿನಿಂದ ಪಾತ್ರೆ ತೊಳೆದು ಉಳಿದದ್ದು, ನೈಟ್ರಿಕ್ ಆಮ್ಲ ಅದರ ಹತ್ತಿರ ಸುಳಿಯಬಾರದು. 2016ರ ಅಪಾಯಕಾರಿ ತ್ಯಾಜ್ಯ ನಿಯಮದಲ್ಲಿ ಇಟ್ಟುಕೊಳ್ಳಲು 90 ದಿನದ ಗಡುವಿದೆ, ಹಾಗಾಗಿ ಬಾಟಲಿ ಮೇಲೆ ತಾರೀಖು ಬರೆದೇ ಇಡುತ್ತೇನೆ.

ಈಗೀಗ ಏಪ್ರಿಲ್ ದಾಟಿದ ಮೇಲೆ ಕೆಲವು ಬ್ಯಾಚುಗಳಿಗೆ ಡಿಸಿಎಂ ಬದಲು ಈಥೈಲ್ ಅಸಿಟೇಟ್ ಕೊಡುತ್ತಿದ್ದೇನೆ. ಕುದಿಯುವುದು 77ಕ್ಕೆ, ಆದರೆ ಬೆಂಕಿಗೆ ಬೇಗ ಹತ್ತುತ್ತದೆ, ಬರ್ನರ್ ಬಂದ್. ಕೆಫೀನ್ ಕಡಿಮೆ ಸಿಗುತ್ತದೆ, ಸಿಗಲಿ. ಒಂದು ಮಾತ್ರ ಹುಡುಗರಿಗೆ ಮೊದಲೇ ಹೇಳಬೇಕು: ಡಿಸಿಎಂ ನೀರಿನ ಕೆಳಗೆ ನಿಲ್ಲುತ್ತದೆ, ಇದು ಮೇಲೆ. ಕೆಳಗಿನ ಪದರವೇ ಬೇಕಾದದ್ದು ಅಂದುಕೊಂಡು ಮೇಲಿನದನ್ನು ಚೆಲ್ಲಿಬಿಡುತ್ತಾರೆ.