ಕೆಳಗಿನ ಚೇಂಬರಿನಿಂದ ಮೇಲಕ್ಕೆ: ಮನೆಯ ಪೈಪ್ ನಾನೇ ತೊಳೆದ ಬಗೆ

ನಮ್ಮದು ಮೈಸೂರಿನ ಕುವೆಂಪುನಗರದ ಹಳೇ ಮನೆ. ಅಪ್ಪ 1986ರಲ್ಲಿ ಕಟ್ಟಿಸಿದ್ದು. ಆಗ ಹಾಕಿದ ನಾಲ್ಕಿಂಚಿನ ಸ್ಟೋನ್‌ವೇರ್ (ಸುಟ್ಟ ಜೇಡಿಮಣ್ಣಿನ) ಕೊಳೆನೀರಿನ ಪೈಪೇ ಇವತ್ತಿಗೂ ಮನೆ ಪಕ್ಕದ ಓಣಿಯ ಕೆಳಗಿದೆ. ಒಟ್ಟು ಮೂರು ಚೇಂಬರ್, ಅಂದರೆ ಪೈಪ್ ತೆರೆದು ನೋಡಲು ಕಟ್ಟಿದ ಮುಚ್ಚಳದ ಗುಂಡಿ. ಅಡುಗೆಮನೆಯ ಹಿಂದೆ ಒಂದು, ಬಚ್ಚಲಿನ ಹತ್ತಿರ ಒಂದು, ಗೇಟಿನ ಪಕ್ಕ ಕೊನೆಯದು. ಅಲ್ಲಿಂದ ರಸ್ತೆಯ ಯುಜಿಡಿಗೆ, ಅಂದರೆ ಪಾಲಿಕೆಯ ಒಳಚರಂಡಿಗೆ ಹೋಗುತ್ತದೆ.

ಒಂದು ಡಿಸೆಂಬರ್ ಬೆಳಿಗ್ಗೆ ಅಮ್ಮ ಕೂಗಿದರು. "ಬಚ್ಚಲಲ್ಲಿ ನೀರು ಇಳೀತಿಲ್ಲ ಕಣೋ, ಗುಳುಗುಳು ಅಂತಿದೆ." ಹೋಗಿ ಮೂರೂ ಚೇಂಬರಿನ ಮುಚ್ಚಳ ತೆಗೆದೆ. ಅಡುಗೆಮನೆಯದು ತುಂಬಿತ್ತು, ಬಚ್ಚಲಿನದೂ ತುಂಬಿತ್ತು. ಗೇಟಿನದು ಮಾತ್ರ ಒಣಗಿತ್ತು. ಅಂದರೆ ಎರಡನೆಯದಕ್ಕೂ ಮೂರನೆಯದಕ್ಕೂ ನಡುವೆ ಎಲ್ಲೋ ಕಟ್ಟಿಕೊಂಡಿದೆ ಎಂದಾಯಿತು. ಗೇಟಿನ ಚೇಂಬರೂ ತುಂಬಿದ್ದರೆ ತೊಂದರೆ ಹೆಚ್ಚಾಗಿ ರಸ್ತೆಯ ಲೈನಿನಲ್ಲಿರುತ್ತದೆ, ಆಗ ನಾವು ಎಷ್ಟು ತೊಳೆದರೂ ವ್ಯರ್ಥ. ಪಾಲಿಕೆಗೇ ಹೇಳಬೇಕು. ಮುಚ್ಚಳ ತೆಗೆದು ನೋಡಲು ಹತ್ತು ನಿಮಿಷ ಸಾಕು, ಅದನ್ನು ಬಿಟ್ಟು ಯಾರೂ ಕೆಲಸ ಶುರು ಮಾಡಬೇಡಿ.

ಮೊದಲು ಒಬ್ಬರನ್ನು ಕರೆಸಿದೆ. ಬಿದಿರಿನ ದಬ್ಬೆ ಹಾಕಿ ತಿವಿದು ನೋಡಿದರು, ಆಗಲಿಲ್ಲ. "ಒಬ್ಬ ಹುಡುಗನ್ನ ಕರ್ಕೊಂಡು ಬರ್ತೀನಿ ಸಾರ್, ಗೇಟ್ ಹತ್ರ ಒಳಗೆ ಇಳಿಸಿದ್ರೆ ಅರ್ಧ ಗಂಟೆ ಕೆಲಸ" ಅಂದರು. ನನಗೆ ಎದೆ ಝಲ್ಲೆಂದಿತು. ಬೇಡವೇ ಬೇಡ ಅಂದೆ. ಕೊಳೆತ ನೀರಿನಿಂದ ಬರುವ ಹೈಡ್ರೋಜನ್ ಸಲ್ಫೈಡ್ ಗಾಳಿಗಿಂತ ಭಾರ, ತಳದಲ್ಲೇ ನಿಂತಿರುತ್ತದೆ. ಜಾಸ್ತಿ ಇದ್ದಾಗ ಮೂಗಿಗೆ ವಾಸನೆಯೇ ಗೊತ್ತಾಗುವುದಿಲ್ಲ. ಸರಿಯಾದ ರಕ್ಷಣೆಯಿಲ್ಲದೆ ಒಳಚರಂಡಿ ಇಲ್ಲವೇ ಸೆಪ್ಟಿಕ್ ಟ್ಯಾಂಕಿಗೆ ಮನುಷ್ಯರನ್ನು ಇಳಿಸುವುದನ್ನು 2013ರ ಕಾನೂನು ನಿಷೇಧಿಸಿದೆ. ಮೊದಲ ತಪ್ಪಿಗೇ 2 ವರ್ಷದವರೆಗೆ ಜೈಲು ಅಥವಾ 2 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಇಳಿಸಿದವರು ಮನೆಯವರಾದರೂ ಅದು ತಪ್ಪೇ. ಕಾನೂನು ಇರಲಿ, ನಮ್ಮ ಮನೆಯ ಕೊಳೆಗಾಗಿ ಇನ್ನೊಬ್ಬರ ಮನೆಯ ಮಗ ಉಸಿರು ಕಟ್ಟಿಸಿಕೊಳ್ಳಬೇಕಾ?

ಕಾರು ತೊಳೆಯಲು ತಂದಿದ್ದ ಪ್ರೆಷರ್ ವಾಷರ್ ಮನೆಯಲ್ಲೇ ಇತ್ತು. ಹೆಚ್ಚೆಂದರೆ 130 ಬಾರ್ ಒತ್ತಡ ಕೊಡುತ್ತದೆ, ನಿಮಿಷಕ್ಕೆ ಆರೇಳು ಲೀಟರ್ ನೀರು. ಅದಕ್ಕೆ ಸಿಕ್ಕಿಸುವ 15 ಮೀಟರಿನ ಡ್ರೈನ್ ಹೋಸ್ ತರಿಸಿದೆ. ಅದರ ತುದಿಯ ನಾಜಲ್ ಕೈಯಲ್ಲಿ ಹಿಡಿದು ನೋಡುವಂಥದ್ದು. ಹಿತ್ತಾಳೆಯದು, ಹೆಬ್ಬೆರಳಿಗಿಂತ ಚಿಕ್ಕದು. ಮುಂದಕ್ಕೆ ಒಂದೇ ತೂತು. ಸುತ್ತಲೂ ಇರುವ ಸೂಜಿಮೊನೆಯಷ್ಟು ಸಣ್ಣ ತೂತುಗಳೆಲ್ಲ ಹಿಂದಕ್ಕೆ ಓರೆಯಾಗಿವೆ. ನೀರು ಹಿಂದಕ್ಕೆ ಚಿಮ್ಮುತ್ತದೆ, ಆ ರಭಸಕ್ಕೆ ಹೋಸ್ ತಾನಾಗಿ ಮುಂದಕ್ಕೆ ಹೋಗುತ್ತದೆ. ನಾವು ನೂಕಬೇಕಿಲ್ಲ.

ಈ ಹಿಂದಕ್ಕೆ ತಿರುಗಿದ ತೂತುಗಳ ಅರ್ಥ ನನಗೆ ಮೊದಲ ದಿನ ಹೊಳೆಯಲಿಲ್ಲ. ಬಚ್ಚಲಿನ ಚೇಂಬರಿನಿಂದ, ಅಂದರೆ ಮೇಲಿನಿಂದ ಕೆಳಕ್ಕೆ ಹೋಸ್ ಬಿಟ್ಟೆ. ಕೆರೆದ ಕೊಳೆಯೆಲ್ಲ ನಾಜಲಿನ ಹಿಂದಕ್ಕೆ, ಮೊದಲೇ ತುಂಬಿದ್ದ ಚೇಂಬರಿಗೇ ವಾಪಸ್ ಬಂತು. ಹತ್ತು ನಿಮಿಷದಲ್ಲಿ ಬಚ್ಚಲಿನ ನೆಲದ ಮೇಲೆ ಕಪ್ಪು ನೀರು ನಿಂತಿತು. ಅಮ್ಮನ ಜೊತೆ ಅದನ್ನು ಬಳಿದು ಹಾಕುವಾಗಲೇ ತಲೆಗೆ ಹೋಯಿತು. ಕೆಳಗಿನ ಚೇಂಬರಿನಿಂದ ಮೇಲಕ್ಕೆ ಹೋಗಬೇಕು. ಆಗ ನಾಜಲ್ ಮೇಲಕ್ಕೆ ಏರುತ್ತಾ ಹೋಗುತ್ತದೆ, ಕೊಳೆ ಇಳಿಜಾರಿನಲ್ಲಿ ಕೆಳಕ್ಕೆ ಬರುತ್ತದೆ.

ಮರುದಿನ ಗೇಟಿನ ಚೇಂಬರಿನಿಂದ ಶುರು ಮಾಡಿದೆ. ನಮ್ಮದು ಮೂರಡಿ ಆಳ, ಹೊರಗೆ ಮಂಡಿಯೂರಿ ಕೂತರೆ ಪೈಪಿನ ಬಾಯಿ ಕೈಗೆ ಸಿಗುತ್ತದೆ. ಮುಚ್ಚಳ ತೆಗೆದು ಒಂದು ಗಂಟೆ ಗಾಳಿಗೆ ಬಿಟ್ಟೆ, ಒಳಗೆ ತಲೆ ಹಾಕಲಿಲ್ಲ. ಹೋಸಿಗೆ ಪ್ರತಿ ಮೀಟರಿಗೆ ಕೆಂಪು ಇನ್ಸುಲೇಷನ್ ಟೇಪ್ ಸುತ್ತಿದೆ. ನಾಜಲಿನಿಂದ ಎರಡಡಿ ದೂರದಲ್ಲಿ ಮಾತ್ರ ಹಳದಿ ಟೇಪ್. ಹೊರಗೆ ಎಳೆಯುವಾಗ ಹಳದಿ ಕಂಡರೆ ಮಿಷನ್ ಆಫ್, ಆಮೇಲೆಯೇ ಮುಂದಿನ ಎಳೆತ. ಹಾಕುವಾಗಲೂ ಅಷ್ಟೇ, ಹಳದಿ ಒಳಗೆ ಹೋದ ಮೇಲೆಯೇ ಆನ್. ಈ ನೀರು ಚರ್ಮವನ್ನು ಸೀಳಿ ಒಳಗೆ ನುಗ್ಗಬಲ್ಲದು, ಅದೂ ಕೊಳಚೆಯ ಜೊತೆ. ಮೇಲಿಂದ ಸಣ್ಣ ಚುಕ್ಕೆಯಷ್ಟೇ ಕಂಡರೂ ತಡಮಾಡದೆ ಆಸ್ಪತ್ರೆಗೆ ಓಡಬೇಕಾದ ಗಾಯ ಅದು. ಮೊಣಕೈವರೆಗಿನ ರಬ್ಬರ್ ಗ್ಲೌಸ್, ಗಮ್ ಬೂಟು, ಕಣ್ಣಿಗೆ ಕನ್ನಡಕ ಹಾಕಿಕೊಂಡೆ. ಇಲಿ ಓಡಾಡುವ ಜಾಗ, ಇಲಿ ಜ್ವರದ ಭಯ ಇದ್ದೇ ಇದೆ. ಮಿಷನ್ನಿನ ಕರೆಂಟು ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಇರುವ ಪಾಯಿಂಟಿನಿಂದಲೇ ತೆಗೆದುಕೊಂಡೆ.

ಇನ್ನೊಂದು ಮಾತು. ಪೈಪಿಗೆ ಆಸಿಡ್ ಸುರಿದಿದ್ದರೆ ಆ ದಿನ ಜೆಟ್ ಹಾಕಲೇಬೇಡಿ. ಹಿಂದಕ್ಕೆ ಚಿಮ್ಮುವ ನೀರಿನ ಜೊತೆ ಅದೂ ಮುಖಕ್ಕೆ ಬರುತ್ತದೆ. ಆಸಿಡ್ ಮೇಲೆ ಬ್ಲೀಚಿಂಗ್ ಪೌಡರ್ ಬಿದ್ದರಂತೂ ಕ್ಲೋರಿನ್ ಅನಿಲವೇ ಏಳುತ್ತದೆ.

ಹೋಸ್ ಸಲೀಸಾಗಿ ಐದು ಕೆಂಪು ಪಟ್ಟಿ ಒಳಗೆ ಹೋಯಿತು. ಆರನೆಯದಕ್ಕೆ ನಿಂತಿತು. ಎದ್ದು ನಿಂತು ಓಣಿಯಲ್ಲಿ ಅಳೆದರೆ ಸರಿಯಾಗಿ ತೆಂಗಿನ ಮರದ ಬುಡ! ನೂಕಲಿಲ್ಲ. ಒಂದಡಿ ಹಿಂದಕ್ಕೆ ಎಳೆಯುವುದು, ಮತ್ತೆ ಬಿಡುವುದು, ಹೀಗೇ ಮಾಡಿದೆ. ಹಳೇ ಸ್ಟೋನ್‌ವೇರ್ ಪೈಪಿನಲ್ಲಿ ನಾಜಲನ್ನು ಒಂದೇ ಕಡೆ ನಿಲ್ಲಿಸಿದರೆ ಬಿರುಕು ಬಿಟ್ಟ ಜಾಯಿಂಟು ಇನ್ನೂ ಕೆಡುತ್ತದೆ. ಕಾಲು ಗಂಟೆಯಾದ ಮೇಲೆ ಸದ್ದು ಬದಲಾಯಿತು. ಅಲ್ಲಿವರೆಗೆ ಚೀರುತ್ತಿದ್ದದ್ದು ದಪ್ಪಗೆ, ಗೊರಗೊರ ಎಂದಿತು. ಹಿಂದಕ್ಕೆ ಸರಿದು ನಿಂತೆ. ಕಟ್ಟಿಕೊಂಡಿದ್ದು ಬಿಟ್ಟಾಗ ಮೇಲೆ ನಿಂತಿದ್ದ ನೀರೆಲ್ಲ ಒಂದೇ ಸಲಕ್ಕೆ ಬರುತ್ತದೆ, ಬಂತು.

ಕೆಳಗೆ ಪೈಪಿನ ಬಾಯಿಗೆ ಮೊದಲೇ ಜಾಲರಿ ಇಟ್ಟಿದ್ದೆ, ಕೊಳೆ ಹೋಗಿ ರಸ್ತೆಯ ಲೈನಿನಲ್ಲಿ ಕಟ್ಟಿಕೊಳ್ಳಬಾರದಲ್ವಾ. ಅದರಲ್ಲಿ ಸಿಕ್ಕಿದ್ದನ್ನು ಸಲಿಕೆಯಲ್ಲಿ ಎತ್ತಿ ನೋಡಿದೆ. ತೆಂಗಿನ ಬೇರು ಜಡೆಯಂತೆ ಹೆಣೆದುಕೊಂಡಿತ್ತು. ಅದರೊಳಗೆ ಪಾತ್ರೆ ಉಜ್ಜುವ ನಾರು, ಕೂದಲು, ಒಂದು ಸ್ಟೀಲ್ ಚಮಚ. ಎಲ್ಲಕ್ಕೂ ಸುತ್ತ ಬಿಳಿ ಜಿಡ್ಡು, ಸೋಪಿನ ಬಿಲ್ಲೆಯಷ್ಟು ಗಟ್ಟಿ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ತಣ್ಣಗಾದರೆ ಹೆಪ್ಪುಗಟ್ಟುತ್ತದೆ. ಒಗ್ಗರಣೆಯದು, ತಲೆ ತೊಳೆದದ್ದು ಎಲ್ಲ ಸೇರಿ ಮೈಸೂರಿನ ಚಳಿಗೆ ಅಲ್ಲೇ ಕೂತಿತ್ತು. ನಮ್ಮಲ್ಲಿ ಡಿಸೆಂಬರಿನಲ್ಲೇ ತೊಂದರೆ ಎದ್ದದ್ದಕ್ಕೆ ಅದೂ ಒಂದು ಕಾರಣ ಅನಿಸಿತು.

ದಾರಿ ಬಿಟ್ಟಿತು ಅಂತ ಅಲ್ಲಿಗೇ ನಿಲ್ಲಿಸಬಾರದು. ಒತ್ತಡ ಜಿಡ್ಡನ್ನು ಕತ್ತರಿಸುತ್ತದೆ, ಆದರೆ ಅದನ್ನು ಹೊತ್ತು ಸಾಗಿಸುವುದು ನೀರಿನ ಪ್ರಮಾಣ. ನಿಮಿಷಕ್ಕೆ ಏಳು ಲೀಟರ್ ನಾಲ್ಕಿಂಚಿನ ಪೈಪಿಗೆ ಏನೇನೂ ಸಾಲದು. ಅದಕ್ಕೇ ತಮ್ಮನನ್ನು ಬಚ್ಚಲಿನ ಚೇಂಬರ್ ಹತ್ತಿರ ನಿಲ್ಲಿಸಿದೆ. ನಾನು ಹೋಸನ್ನು ನಿಧಾನ ಹಿಂದಕ್ಕೆ ಎಳೆಯುತ್ತಾ "ಹಾಕೋ" ಅಂದಾಗ ಅವನು ಒಂದು ಬಕೆಟ್ ನೀರು ಒಟ್ಟಿಗೆ ಸುರಿಯುತ್ತಿದ್ದ. ಹನ್ನೆರಡು ಬಕೆಟ್ ಆದ ಮೇಲೆ ತಿಳಿನೀರು ಬಂತು. ಕುಡಿಯುವ ನೀರು ಬಳಸಲಿಲ್ಲ, ಬಟ್ಟೆ ಜಾಲಿಸಿದ ನೀರನ್ನು ಡ್ರಮ್ಮಿನಲ್ಲಿ ಹಿಡಿದಿಟ್ಟಿದ್ದೆವು.

ಮೇಲಿನ ಲೈನಿಗೆ ಹೋಗುವ ಮುಂಚೆ ಕಮೋಡು ಮುಚ್ಚಿ, ಬಚ್ಚಲಿನ ನಾಹ್ನಿ ಟ್ರ್ಯಾಪಿನ (ವಾಸನೆ ತಡೆಯಲು ಒಳಗೆ ನೀರು ನಿಲ್ಲುವ ನೆಲದ ಕಿಂಡಿ) ಮೇಲೆ ಒದ್ದೆ ಗೋಣಿಚೀಲ ಹಾಕಿ ಕಲ್ಲಿಟ್ಟೆ. ಇಲ್ಲದಿದ್ದರೆ ಗಾಳಿಯ ರಭಸಕ್ಕೆ ನೀರು ಮನೆಯೊಳಗೇ ಚಿಮ್ಮುತ್ತದೆ. ಮುಗಿದ ಮೇಲೆ ಎಲ್ಲ ಟ್ರ್ಯಾಪಿಗೂ ಎರಡೆರಡು ಚೊಂಬು ನೀರು ಹಾಕಿದೆ. ಒಳಗಿನ ನೀರು ಎಳೆದುಕೊಂಡು ಹೋಗಿರುತ್ತದೆ, ಹಾಗೇ ಬಿಟ್ಟರೆ ರಾತ್ರಿಯೆಲ್ಲ ಮನೆ ತುಂಬ ವಾಸನೆ. ಸಿಂಕಿನ ಕೆಳಗಿನ ಸಣ್ಣ ಪೈಪಿಗೆ ಮಾತ್ರ ಜೆಟ್ ಹಾಕಲಿಲ್ಲ, ಅದನ್ನು ಬಿಚ್ಚಿ ಕೈಯಲ್ಲೇ ತೊಳೆದೆ.

ನಮ್ಮ ಮಿಷನ್ ಎಳೆ ಬೇರನ್ನು ಕಿತ್ತಿತು, ಬೆರಳು ದಪ್ಪದ್ದನ್ನು ಅಲ್ಲ. ಅದು ಬಂದದ್ದು ಸಿಮೆಂಟ್ ಜಾಯಿಂಟು ಬಿಟ್ಟ ಕಡೆಯಿಂದ. ಫೆಬ್ರವರಿಯಲ್ಲಿ ಮರದ ಬುಡದಲ್ಲಿ ಅಗೆಸಿ, ಎರಡು ಮೀಟರ್ ಪಿವಿಸಿ ಪೈಪ್ ಹಾಕಿಸಿದೆ, ಇಳಿಜಾರು ನಲವತ್ತಕ್ಕೆ ಒಂದು (ನಲವತ್ತಡಿ ಉದ್ದಕ್ಕೆ ಒಂದಡಿ ಇಳಿತ) ಇಟ್ಟು. ಅಮ್ಮ ಈಗ ಬಾಣಲೆಯ ಜಿಡ್ಡನ್ನು ಹಳೇ ಪೇಪರಿನಲ್ಲಿ ಒರೆಸಿಯೇ ಸಿಂಕಿಗೆ ಹಾಕುತ್ತಾರೆ. ಈ ಡಿಸೆಂಬರಿನಲ್ಲಿ ಸುಮ್ನೆ ಒಮ್ಮೆ ನೋಡೋಣ ಅಂತ ಹೋಸ್ ಬಿಟ್ಟೆ. ಆರನೇ ಕೆಂಪು ಪಟ್ಟಿ ನಿಲ್ಲದೆ ಒಳಗೆ ಹೋಯಿತು.